ನಾವು ಪುನರ್ಪುಳಿ ಮರಕ್ಕೆ ಬಯಕೆ ಮಾಡಿದ್ದು

ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ನಮ್ಮ ಕಡೆ ಯಾರೂ ಬರೆದಿಡದ, ಆದರೆ ಯಾರೂ ಮೀರದ ಕಾನೂನು ಇದು. ಅವರು ಪಾಯಸ ಕೊಟ್ಟ ಪಾತ್ರೆಗೆ ನೀವು ಏನಾದರೂ ಹಾಕಿಯೇ ಕೊಡಬೇಕು, ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ. ಈ ಕಾನೂನು ಮಾಡಿದ ಪುಣ್ಯಾತ್ಮರ ಪಕ್ಕದ ಮನೆಯಲ್ಲಿ ನಮ್ಮ ಬಾಯಮ್ಮನಂಥವರು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಅದಕ್ಕೊಂದು ತಿದ್ದುಪಡಿಯನ್ನೂ ಅವರೇ ತಂದಿರುತ್ತಿದ್ದರು.

ಬಾಯಮ್ಮ ಎಂದರೆ ಮಣಿಪಾಲದ ಇಳಿಜಾರಿನಲ್ಲಿರುವ ನಮ್ಮ ಮನೆಯ ಕಂಪೌಂಡಿನ ಆಚೆಯವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು ಗೌರವದಿಂದ ಹಾಗೆ ಕರೆಯುತ್ತೇವೆ. ಗಂಡ ಗಲ್ಫಿನಲ್ಲಿ ದುಡಿಯುತ್ತಿದ್ದಾರೆ, ಇವರು ಇಲ್ಲಿ ಮನೆ ತೋಟ ಎರಡನ್ನೂ ಸೆರಗು ಸಿಕ್ಕಿಸಿಕೊಂಡು ನೋಡಿಕೊಳ್ಳುತ್ತಾರೆ. ಅವರ ಅಂಗಳದಲ್ಲಿ, ಗೋಡೆಗೆ ತಾಗಿದ ಹಾಗೆ, ಒಂದು ಪುನರ್ಪುಳಿ ಮರ ಉಂಟು. ಘಟ್ಟದ ಮೇಲಿನವರು ಮುರುಗಲು ಎನ್ನುತ್ತಾರಲ್ಲ, ಅದೇ. ಬೇಸಿಗೆಯಲ್ಲಿ ಅದರ ಶರಬತ್ತು, ಪಿತ್ತ ಕೆದರಿದರೆ ಅದರ ಸಾರು, ಮಳೆಗಾಲಕ್ಕೆ ಅದರ ಒಣಗಿಸಿದ ಸಿಪ್ಪೆ. ಅದಿಲ್ಲದ ಅಡುಗೆಮನೆ ಇಲ್ಲಿ ಅಡುಗೆಮನೆಯೇ ಅಲ್ಲ.

ಪ್ರತಿ ಬೇಸಿಗೆಯಲ್ಲಿ, ಮಳೆಗೆ ಇನ್ನೂ ಸ್ವಲ್ಪ ದಿನ ಉಂಟು ಎನ್ನುವಾಗ, ಬಾಯಮ್ಮ ಹಳೆಯ ಪೇಂಟಿನ ಒಂದು ನೀಲಿ ಬಕೆಟ್ಟಿನಲ್ಲಿ ಕಡುಕೆಂಪು ಹಣ್ಣು ತುಂಬಿಸಿ ಗೋಡೆಯ ಮೇಲಿಂದ ದಾಟಿಸುತ್ತಿದ್ದರು. ನಮಗೆ ಮುಗಿಯುವುದಿಲ್ಲ ಟೀಚರ್, ಸುಮ್ಮನೆ ಉದುರಿ ಹಾಳಾಗುತ್ತದೆ ಎನ್ನುತ್ತಿದ್ದರು. ಅಷ್ಟು ಒಳ್ಳೆಯ ಮಾತಿಗೆ ಸಿಟ್ಟು ಬರಬಾರದು. ನನಗೆ ಬರುತ್ತಿತ್ತು. ಯಾಕೆಂದರೆ ಗೋಡೆಯ ಈಚೆ, ಅದೇ ಎತ್ತರಕ್ಕೆ, ನಮ್ಮದೂ ಒಂದು ಪುನರ್ಪುಳಿ ಮರ ನಿಂತಿತ್ತು, ಮತ್ತು ಅದರಲ್ಲಿ ಒಂದೇ ಒಂದು ಕಾಯಿ ಇರಲಿಲ್ಲ. ಆ ಬಕೆಟ್ಟನ್ನು ಒಮ್ಮೆ, ಒಂದೇ ಒಂದು ಸಲ, ನಮ್ಮ ಅಂಗಳದಲ್ಲಿ ಬೆಳೆದ ಹಣ್ಣು ತುಂಬಿಸಿ ಹಿಂದಿರುಗಿಸಬೇಕು ಎಂಬುದು ನನ್ನ ಹಟವಾಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಸಮೀಕರಣದ ಒಂದು ಬದಿ ತುಂಬಿ ಇನ್ನೊಂದು ಬದಿ ಸೊನ್ನೆಯಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ತೋಟದ ಪುರಾಣವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನನ್ನ ಗಂಡ ಉಡುಪಿಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದವರು. ಯಾವ ಕೆಲಸವನ್ನೇ ಆಗಲಿ ಅವರು ಅಂಗಡಿಯಿಂದ ಶುರುಮಾಡುತ್ತಾರೆ. ಬೆಳಗಿನ ವಾಕಿಂಗ್ ಎಂದರೆ ಮೊದಲು ಶೂ ಬೇಕು, ಟೊಪ್ಪಿ ಬೇಕು. ಅವೆರಡೂ ಬಂದ ಮೇಲೆ ವಾಕಿಂಗ್ ಬೇಡ. ಹಾಗೆಯೇ ನಿವೃತ್ತಿಯ ನಂತರ ಹಣ್ಣಿನ ತೋಟ ಮಾಡುವುದೆಂದು ತೀರ್ಮಾನವಾದಾಗ ಮನೆಗೆ ಮೊದಲು ಬಂದದ್ದು ಕೈಗವಸು, ಗಮ್‌ಬೂಟು ಮತ್ತು ಜಪಾನಿನದೆಂದು ಹೇಳಲಾದ ಒಂದು ಕತ್ತರಿ. ಕತ್ತರಿಸಲು ಆಗ ನಮ್ಮಲ್ಲಿ ಒಂದು ಬಸಳೆ ಬಳ್ಳಿಯೂ ಇರಲಿಲ್ಲ.

ಆಮೇಲೆ ಕಾಪುವಿನ ಹೆದ್ದಾರಿ ಬದಿಯಲ್ಲಿ ಟಾರ್ಪಾಲು ಹಾಕಿಕೊಂಡು ಗಿಡ ಮಾರುವವರ ಹತ್ತಿರ ಕಾರು ನಿಂತಿತು. ಅಲ್ಲಿ ಪ್ರತಿ ಗಿಡಕ್ಕೂ ಒಂದು ಬಣ್ಣದ ಚಿತ್ರ ಕಟ್ಟಿದ್ದರು. ಚಿತ್ರದಲ್ಲಿ ಹಣ್ಣು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ನಾಲ್ಕು ಎಲೆ. ಗಿಡಗಳೆಲ್ಲ ನನಗೆ ಒಂದೇ ಥರ ಕಂಡವು, ಚಿತ್ರಗಳು ಮಾತ್ರ ಬಹಳ ಚಂದ ಇದ್ದವು. ರಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣು, ಡ್ರ್ಯಾಗನ್. ಒಂದು ಮಲೇಷ್ಯಾದ್ದು, ಇನ್ನೊಂದು ಥೈಲೆಂಡಿನದ್ದು. ನಮ್ಮ ಕಾರಿನ ಡಿಕ್ಕಿ ವಿದೇಶಿ ಗಣ್ಯರ ಬಸ್ಸಿನ ಹಾಗಾಗಿತ್ತು. ಒಂದು ಲಿಂಬೆ ಗಿಡ ತೆಗೆದುಕೊಳ್ಳೋಣ ಎಂದೆ. ಲಿಂಬೆ ಎಲ್ಲರ ಮನೆಯಲ್ಲೂ ಉಂಟಲ್ಲ ಮಾರಾಯ್ತಿ ಎಂದರು.

ಮಣಿಪಾಲದ ನೆಲವೆಂದರೆ ಮುರಕಲ್ಲು. ಹಾರೆ ಹಾಕಿದರೆ ಮಣ್ಣು ಬರುವುದಿಲ್ಲ, ಕಿಡಿ ಬರುತ್ತದೆ. ಯೂಟ್ಯೂಬಿನಲ್ಲಿ ಹೇಳಿದ ಆಳಕ್ಕೆ ಗುಂಡಿ ತೋಡಬೇಕಾದರೆ ಇನ್ನೊಂದು ನಿವೃತ್ತಿ ಬೇಕಾಗುತ್ತಿತ್ತು. ಹಾಗಾಗಿ ಇವರು ಇಡ್ಲಿ ತಟ್ಟೆಯ ಗುಳಿಗಿಂತ ಸ್ವಲ್ಪ ದೊಡ್ಡ ಗುಂಡಿಗಳನ್ನು ಮಾಡಿ ಗಣ್ಯರನ್ನು ಅದರಲ್ಲಿ ಕೂರಿಸಿದರು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಅರ್ಧ ಗಿಡ ಕೊಳೆಯಿತು. ಬೇಸಿಗೆಯಲ್ಲಿ ಕಲ್ಲು ಕಾದು ಉಳಿದರ್ಧ ಬೆಂದಿತು. ಪ್ರತಿ ಸಾವಿಗೂ ನನ್ನ ಗಂಡನಲ್ಲಿ ಒಂದು ಕಾರಣ ಸಿದ್ಧವಿತ್ತು: ಸಮುದ್ರದ ಗಾಳಿ, ಬಾವಿಯ ನೀರು, ಎದುರಿನ ಟ್ರಾನ್ಸ್‌ಫಾರ್ಮರ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು ಎನ್ನುವುದು ಬೇರೆ ಮಾತು.

ಅವರು ಸೇರಿಕೊಂಡಿದ್ದ ಮನೆ-ಹಣ್ಣಿನ-ತೋಟದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ವೈದ್ಯರು, ಯಾರ ಮನೆಯಲ್ಲೂ ರೋಗಿ ಬದುಕಿರಲಿಲ್ಲ. ಒಬ್ಬರು ಮೊಟ್ಟೆ ಕೊಳೆಸಿ ಹಾಕಿ ಎಂದರು, ಒಬ್ಬರು ಮಜ್ಜಿಗೆ ಎಂದರು, ಮತ್ತೊಬ್ಬರು ಗಿಡದ ಹತ್ತಿರ ಪ್ರೀತಿಯಿಂದ ಮಾತಾಡಿ ಎಂದರು. ಇವರು ಮಾತಾಡಿದರು. ಮನೆಯಲ್ಲಿ ನನ್ನ ಹತ್ತಿರ ಎರಡು ಮಾತಾಡದ ಮನುಷ್ಯ ಬೆಣ್ಣೆಹಣ್ಣಿನ ಗಿಡದ ಮುಂದೆ ಮುಕ್ಕಾಲು ಗಂಟೆ ನಿಲ್ಲುತ್ತಿದ್ದರು. ಅದೂ ಸತ್ತಿತು. ಕೇಳಿ ಕೇಳಿ ಸತ್ತಿರಬೇಕು.

ಉಳಿದದ್ದು ಚಿತ್ರ ಇಲ್ಲದ ಒಂದೇ ಗಿಡ. ನಮ್ಮ ಅತ್ತೆ ಅಜೆಕಾರಿನ ತಮ್ಮ ತವರುಮನೆಯಿಂದ, ಮರದ ಬುಡದಲ್ಲಿ ತಾನಾಗಿ ಹುಟ್ಟಿದ್ದ ಪುನರ್ಪುಳಿಯ ಸಸಿಯೊಂದನ್ನು ಹಾಲಿನ ತೊಟ್ಟೆಯಲ್ಲಿ ಕಟ್ಟಿ ತಂದು ಗೋಡೆಯ ಮೂಲೆಯಲ್ಲಿ ಊರಿದ್ದರು. ಅದಕ್ಕೆ ಯಾರೂ ಮೊಟ್ಟೆ ಹಾಕಲಿಲ್ಲ, ಮಾತಾಡಿಸಲಿಲ್ಲ. ಪಾತ್ರೆ ತೊಳೆದ ನೀರು ಕುಡಿದು ಅದು ಗೋಡೆ ದಾಟಿತು, ಕಿಟಕಿ ದಾಟಿತು, ಕೆಲವು ವರ್ಷಗಳಲ್ಲಿ ತಾರಸಿಯನ್ನು ಇಣುಕಿ ನೋಡಿತು. ಒಂದು ಡಿಸೆಂಬರಿನಲ್ಲಿ ಮೈತುಂಬ ಹೂ ಬಿಟ್ಟಿತು. ನನ್ನ ಗಂಡ ಆ ದಿನದಿಂದ ಅದನ್ನು ನನ್ನ ಮರ ಎಂದು ಕರೆಯತೊಡಗಿದರು.

ಹೂ ಬಿಟ್ಟಿತು, ಹೂವೆಲ್ಲ ಉದುರಿತು. ಕಾಯಿ ಇಲ್ಲ. ಅದೇ ಬೇಸಿಗೆಯಲ್ಲಿ ಗೋಡೆಯ ಆಚೆಯಿಂದ ಆ ನೀಲಿ ಬಕೆಟ್ಟು ಮೊದಲ ಸಲ ಬಂತು. ಅದಕ್ಕೂ ಮೊದಲು ಅಷ್ಟು ವರ್ಷ ಬಾಯಮ್ಮನಿಂದ ನಗು ಬರುತ್ತಿತ್ತು, ಬಕೆಟ್ಟು ಬಂದಿರಲಿಲ್ಲ. ನಮ್ಮ ಮರ ಬಂಜೆಯೆಂದು ಗೊತ್ತಾದ ವರ್ಷವೇ ಇವರಿಗೆ ದಾನಬುದ್ಧಿ ಬಂತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಬಕೆಟ್ಟು ತೊಳೆದು, ಸಕ್ಕರೆ ಹಾಕಿ ಕೊಟ್ಟೆ. ಮುಂದಿನ ಕೆಲವು ವರ್ಷ ಅದೇ ಕಥೆ, ಅದೇ ಸಕ್ಕರೆ. ಒಂದು ಸಲ ಸಕ್ಕರೆ ಬೇಡವೆಂದು ಮಟ್ಟು ಗುಳ್ಳ ತರಿಸಿ ತುಂಬಿಸಿದೆ. ಗುಳ್ಳ ಬದನೆಗೆ ಈ ಊರಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಬಾಯಮ್ಮ ಸಂತೋಷದಿಂದ ತೆಗೆದುಕೊಂಡು, ಇದು ನಿಮ್ಮ ತೋಟದ್ದಾ ಟೀಚರ್ ಎಂದು ಕೇಳಿದರು. ಅವರ ಮುಖದಲ್ಲಿ ಕುಹಕ ಏನೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ಅತ್ತೆ ರಂಗಕ್ಕೆ ಇಳಿದರು. ಎಂಬತ್ತು ದಾಟಿದ ಜೀವ. ಮಂಡಿ ನೋಯುತ್ತದೆ, ನಾಲಗೆ ನೋಯುವುದಿಲ್ಲ. ಅವರ ತವರಿನಲ್ಲಿ ಕಾಯಿ ಕೊಡದ ಮರವನ್ನು ಹೆದರಿಸುತ್ತಿದ್ದರಂತೆ. ಒಬ್ಬರು ಕತ್ತಿ ಎತ್ತಿಕೊಂಡು ಕಡಿಯುತ್ತೇನೆಂದು ಹೋಗಬೇಕು. ಇನ್ನೊಬ್ಬರು ಅಡ್ಡ ಬಂದು, ಬೇಡ, ಪಾಪ, ಬರುವ ವರ್ಷ ಕೊಡುತ್ತದೆ, ಈ ಸಲ ಬಿಟ್ಟುಬಿಡಿ ಎಂದು ಬೇಡಿಕೊಳ್ಳಬೇಕು. ಮರ ಇದನ್ನು ಕೇಳಿಸಿಕೊಂಡು ಹೆದರಿ ಬುದ್ಧಿ ಕಲಿಯುತ್ತದೆ. ವಾಣಿಜ್ಯಶಾಸ್ತ್ರದ ಪ್ರೊಫೆಸರು ಪಂಚೆ ಎತ್ತಿಕಟ್ಟಿ ತೆಂಗಿನಕಾಯಿಯ ಕತ್ತಿ ಹಿಡಿದು ಸಿದ್ಧರಾದರು. ಬೇಡಿಕೊಳ್ಳುವ ಪಾತ್ರ ನನ್ನದು. ನನಗೆ ಬೇಡಿಕೊಂಡು ಅಭ್ಯಾಸವಿಲ್ಲ. ಇವರು ಕತ್ತಿ ಎತ್ತಿ, ಕಡಿದುಬಿಡುತ್ತೇನೆ ಎಂದು ಕ್ಲಾಸಿನಲ್ಲಿ ಹಾಜರಿ ಕರೆಯುವ ಧ್ವನಿಯಲ್ಲಿ ಹೇಳಿದರು.

"ಕಡಿಯುವುದಾದರೆ ಬೇಗ ಕಡಿಯಿರಿ," ಎಂದೆ. "ನಾನು ಕುಕ್ಕರ್ ಇಟ್ಟು ಬಂದಿದ್ದೇನೆ."

ಅತ್ತೆ ಆ ದಿನ ಸಂಜೆಯವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಮರ ಹೆದರದಿದ್ದದ್ದಕ್ಕೆ ಇಂದಿಗೂ ನಾನೇ ಕಾರಣ.

ಮುಂದಿನ ಸಲ ಹೂ ಬಿಟ್ಟಾಗ ಅವರು ಬೇರೆ ದಾರಿ ಹಿಡಿದರು. ಹೂ ಬಿಟ್ಟ ಮರವೆಂದರೆ ಬಸುರಿ. ಬಸುರಿಯನ್ನು ಹೆದರಿಸುವುದಲ್ಲ, ಅವಳ ಆಸೆ ತೀರಿಸಬೇಕು. ಆಸೆ ತೀರದ್ದರಿಂದಲೇ ಹೂ ಉದುರುತ್ತದೆ. ಆದುದರಿಂದ ಮರಕ್ಕೆ ಬಯಕೆ ಮಾಡಬೇಕು. ನಮ್ಮಲ್ಲಿ ಬಸುರಿ ಹೆಂಗಸಿಗೆ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತಲೆತುಂಬ ಮಲ್ಲಿಗೆ ಮುಡಿಸಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವ ಶಾಸ್ತ್ರಕ್ಕೆ ಬಯಕೆ ಎನ್ನುತ್ತೇವೆ. ಮನುಷ್ಯರಿಗೆ ಮಾಡುವುದು ಕೇಳಿದ್ದೆ. ಮರಕ್ಕೆ ಮಾಡುವುದು ಅತ್ತೆಯ ಸ್ವಂತ ಸಂಶೋಧನೆ ಎಂದು ನನ್ನ ಅನುಮಾನ. ಆದರೆ ಇಷ್ಟು ಹೊತ್ತಿಗೆ ನನಗೂ ಆ ಬಕೆಟ್ಟು ಕಣ್ಣಲ್ಲಿ ಕೂತಿತ್ತು. ಮಾಡಿಬಿಡುವ ಎಂದೆ.

ಅತ್ತೆ ತಮ್ಮ ಪೆಟ್ಟಿಗೆಯಿಂದ ಕೈಮಗ್ಗದ ಒಂದು ಹಸಿರು ಸೀರೆ ತೆಗೆದರು. ಬಳೆಯನ್ನು ರೆಂಬೆಗೆ ತೊಡಿಸಲು ಆಗದೆ ದಾರದಲ್ಲಿ ಪೋಣಿಸಿ ಕಟ್ಟಿದೆವು. ಚಳಿಗಾಲದಲ್ಲಿ ಶಂಕರಪುರದ ಮಲ್ಲಿಗೆಯ ಬೆಲೆ ಕೇಳುವ ಹಾಗಿಲ್ಲ. ನನ್ನ ಮಗಳ ಮದುವೆಯಲ್ಲಿ ನಾನು ಮುಡಿಯದಷ್ಟು ಮಲ್ಲಿಗೆಯನ್ನು ಆ ಮರ ಮುಡಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ. ಬುಡದಲ್ಲಿ ಬಾಳೆ ಎಲೆ ಹಾಕಿ ಹೋಳಿಗೆ, ಕಡುಬು, ಚಕ್ಕುಲಿ ಬಡಿಸಿದೆವು. ಬಾಯಮ್ಮನನ್ನು ಕರೆಯದಿದ್ದರೆ ಆಗುತ್ತದೆಯೇ? ಅವರು ಕ್ರಿಸ್ಮಸ್ಸಿನ ಕುಸ್ವಾರಿನಲ್ಲಿ, ಎಂದರೆ ಹಬ್ಬದ ತಿಂಡಿಗಳಲ್ಲಿ, ಉಳಿದಿದ್ದ ನೆವ್ರಿ, ಕುಲ್ಕುಲ್ ತಟ್ಟೆಯಲ್ಲಿ ಹಿಡಿದುಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದರು. ಯಾರೂ ನಗಲಿಲ್ಲ. ಅವರು ಮರದ ಕಾಂಡವನ್ನು ಸವರಿ, ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿ ಹರಸಿದರು. ಅತ್ತೆ ಅದರ ಕಿವಿಯಲ್ಲಿ ಏನೋ ಹೇಳಿದರು. ಕಿವಿ ಯಾವ ಕಡೆ ಉಂಟೆಂದು ಅವರಿಗೆ ಹೇಗೆ ಗೊತ್ತಾಯಿತೋ. ನನ್ನ ಗಂಡ ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಸಂಜೆಯವರೆಗೆ ಕೈಮುಗಿಯುವ ಚಿತ್ರಗಳ ಮಳೆಯೇ ಮಳೆ.

ಕಾಯಿ ಮಾತ್ರ ಆಗಲಿಲ್ಲ.

ಬಾಯಮ್ಮನ ಮರ ಆ ವರ್ಷ ಕೊಂಬೆ ಬಾಗುವಷ್ಟು ಕಾಯಿ ಕಚ್ಚಿತು. ನಮ್ಮ ಮಲ್ಲಿಗೆ, ನಮ್ಮ ಹೋಳಿಗೆ, ಹೆರಿಗೆ ಅಲ್ಲಿ. ಬಕೆಟ್ಟು ಬಂತು, ನಾನು ಸಕ್ಕರೆಗೆ ವಾಪಸಾದೆ.

ಇದರ ನಂತರದ ಚಳಿಗಾಲದಲ್ಲಿ, ನಮ್ಮ ಮರ ಮತ್ತೆ ಹೂ ಬಿಟ್ಟಿರುವಾಗಲೇ, ಉಡುಪಿಯಲ್ಲಿ ಹಣ್ಣಿನ ಗಿಡ ಬೆಳೆಸುವ ಹೊಸಬರಿಗೆಂದು ಒಂದು ದಿನದ ಶಿಬಿರ ನಡೆಯಿತು. ನಾವಿಬ್ಬರೂ ಹೋದೆವು. ಸಭಾಂಗಣದಲ್ಲಿ ಎಲ್ಲ ನಮ್ಮಂಥವರೇ: ನಿವೃತ್ತರು, ಹೊಸ ಟೊಪ್ಪಿ, ಹಳೆಯ ಸಕ್ಕರೆ ಕಾಯಿಲೆ. ಗಿಡಗಳ ಬಗ್ಗೆ ಮಾತಾಡಿದವರು ನನ್ನ ಮಗಳ ವಯಸ್ಸಿನ ಒಬ್ಬ ತಜ್ಞೆ. ಪ್ರಶ್ನೋತ್ತರದ ಹೊತ್ತು ಬಂದದ್ದೇ ತಡ, ನನ್ನ ಗಂಡ ಮೈಕು ಹಿಡಿದು ಪರಶುರಾಮ ಕ್ಷೇತ್ರದ ಕೃಷಿ ಪರಂಪರೆಯಿಂದ ಶುರುಮಾಡಿದರು. ನಾನು ಶರಟಿನ ತುದಿ ಜಗ್ಗಿದ ಮೇಲೆ ಪುನರ್ಪುಳಿಗೆ ಬಂದರು. ತಜ್ಞೆ ಫೋಟೊ ಉಂಟಾ ಎಂದು ಕೇಳಿದರು. ಉಂಟು ಎಂದು ಇವರು ಹೆಮ್ಮೆಯಿಂದ ಕಳಿಸಿದರು. ಅದನ್ನು ಅಲ್ಲಿದ್ದ ಯಾರೋ ದೊಡ್ಡ ಪರದೆಗೆ ಹಾಕಿದರು.

ಪರದೆಯ ತುಂಬ ನಮ್ಮ ಮರ. ಹಸಿರು ಸೀರೆ, ಬಳೆ, ಜಡೆಯಷ್ಟು ಉದ್ದದ ಮಲ್ಲಿಗೆ, ಪಕ್ಕದಲ್ಲಿ ಆರತಿ ಹಿಡಿದ ನಾನು.

ತಜ್ಞೆ ಒಳ್ಳೆಯ ಹುಡುಗಿ, ತುಟಿ ಕಚ್ಚಿ ನಗು ಹಿಡಿದುಕೊಂಡಳು. ಹೂವಿನದ್ದು ಹತ್ತಿರದ ಚಿತ್ರ ಉಂಟಾ ಎಂದಳು. ಅದನ್ನೂ ಹಾಕಿದರು. ಹೂವಿನ ನಡುವೆ ಪುಟ್ಟ ಗುಂಡಿನ ಹಾಗೆ ಇರಬೇಕು, ಅದೇ ಮುಂದೆ ಕಾಯಿಯಾಗುವುದು, ಇದರಲ್ಲಿ ಬರೀ ಕೇಸರ ಮಾತ್ರ ಉಂಟು ಎಂದು ಬೆರಳಿಟ್ಟು ತೋರಿಸಿದಳು. ಪುನರ್ಪುಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಹುಟ್ಟಿದ ಸಸಿ ಯಾವುದೆಂದು ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ.

"ಸರ್, ನೀವು ಬಯಕೆ ಮಾಡಿದ್ದು ಗಂಡು ಮರಕ್ಕೆ," ಎಂದಳು.

ಆನೆ ಬಿದ್ದರೆ ಆಳಿಗೊಂದು ಕಲ್ಲು. ಹಿಂದಿನ ಸಾಲಿನಿಂದ ಯಾರೋ ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿದರು. ಸಭೆ ಹೊಟ್ಟೆ ಹಿಡಿದು ನಕ್ಕಿತು. ತಜ್ಞೆ ಕೈ ಎತ್ತಿ, ನಗಬೇಡಿ, ಗಂಡು ಮರವೂ ಬೇಕಾಗುತ್ತದೆ ಎಂದು ಮುಂದೇನೋ ಹೇಳುತ್ತಿದ್ದಳು. ಕೇಳಲು ನಾವಿರಲಿಲ್ಲ. ನನ್ನ ಗಂಡ ಟೊಪ್ಪಿ ಬಿಟ್ಟು ಹೊರಟಿದ್ದರು. ಶಿಬಿರದಲ್ಲಿ ಪಾಯಸದ ಊಟ ಇತ್ತು, ಅದೂ ಹೋಯಿತು. ಸಿಟಿ ಬಸ್ಸು ಹಿಡಿದು ಮಣಿಪಾಲಕ್ಕೆ ಬಂದೆವು. ನನಗೆ ನಾಚಿಕೆ, ಸಿಟ್ಟು, ಹಸಿವು ಮೂರೂ ಒಟ್ಟಿಗೆ ಆಗಿತ್ತು.

ಅತ್ತೆಗೆ ವಿಷಯ ಹೇಳಿದೆವು. ಅವರು ಮರವನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, ಹಾಗಾದರೆ ನನ್ನ ಸೀರೆ ಸುಮ್ಮನೆ ಹಾಳು ಮಾಡಿದಿರಲ್ಲ ಎಂದು ನಮ್ಮನ್ನೇ ಬೈದರು.

ಮರ ಕಡಿಸುವುದೆಂದು ಆ ವಾರವೇ ತೀರ್ಮಾನವಾಯಿತು. ಇವರಿಗಿಂತ ನನ್ನ ಆತುರ ಹೆಚ್ಚು. ಹೂ ಬಿಡುವುದು, ಉದುರಿಸುವುದು, ನಾನು ಗುಡಿಸಿದ ಅಂಗಳದಲ್ಲಿ ಕಸ ಮಾಡುವುದು, ಕೊಡುವುದು ಏನೂ ಇಲ್ಲ. ಅಂಥ ಗಂಡಸು ಮನೆಯಲ್ಲಿ ಒಬ್ಬರು ಸಾಕು. ಅದರ ಜಾಗದಲ್ಲಿ ಕಾರ್ಕಳದ ನರ್ಸರಿಯಿಂದ ಹೆಣ್ಣೆಂದು ಖಾತ್ರಿಯಿರುವ ಕಸಿ ಗಿಡ ತಂದು ನೆಟ್ಟರೆ ಕೆಲವೇ ವರ್ಷದಲ್ಲಿ ನನ್ನ ಬಕೆಟ್ಟು ತುಂಬುತ್ತದೆ. ಗರಗಸದ ಯಂತ್ರದವರಿಗೆ ಫೋನು ಹೋಯಿತು, ಶನಿವಾರ ಬರುತ್ತೇನೆಂದರು. ಕೊಂಬೆ ಆಚೆ ಬಿದ್ದರೆ ಬಾಯಮ್ಮನ ಹೂಕುಂಡಗಳಿಗೆ ಪೆಟ್ಟಾಗಬಹುದೆಂದು ಹೇಳಿ ಬರಲು ನಾನು ಗೋಡೆಯ ಹತ್ತಿರ ಹೋದೆ.

ಅವರು ಬಟ್ಟೆ ಒಣಗಿಸುತ್ತಿದ್ದರು. ಶಿಬಿರದ ಅವಮಾನವನ್ನು ಸ್ವಲ್ಪ ಕಡಿಮೆ ಮಾಡಿ ಹೇಳಿದೆ. ಗಂಡು ಎಂದಾಗ ಅವರು ನಗಬಹುದೆಂದು ಕಾದೆ. ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಹಾಕಿ ಗೋಡೆಯ ಹತ್ತಿರ ಬಂದರು.

"ಟೀಚರ್, ನನ್ನ ಮರ ನನ್ನ ಮದುವೆಯಾದ ವರ್ಷ ನೆಟ್ಟದ್ದು," ಎಂದರು. "ಎಷ್ಟು ವರ್ಷ ಬರೀ ಹೂ ಉದುರಿಸಿತು ಗೊತ್ತುಂಟಾ? ಇವರು ರಜೆಯಲ್ಲಿ ಬಂದಾಗಲೆಲ್ಲ ಕಡಿಯುವ ಕಡಿಯುವ ಅಂತ. ನಿಮ್ಮದು ಮೊದಲ ಸಲ ಹೂ ಬಿಟ್ಟಿತಲ್ಲ, ಆ ವರ್ಷ ನನ್ನದರಲ್ಲಿ ಕಾಯಿ ನಿಂತದ್ದು."

ನಾನು ಮೇಲೆ ನೋಡಿದೆ. ಎರಡು ಮರಗಳ ಕೊಂಬೆಗಳು ಗೋಡೆಯ ಮೇಲೆ ಒಂದರೊಳಗೊಂದು ಹೊಕ್ಕಿದ್ದವು. ನಮ್ಮದರ ಹೂವಿನ ಸುತ್ತ ಹುಳಗಳು ಹಾರಾಡುತ್ತಿದ್ದವು, ಅಲ್ಲಿಂದ ಎದ್ದು ನೇರವಾಗಿ ಅವರದಕ್ಕೆ ಹೋಗುತ್ತಿದ್ದವು. ಅಷ್ಟು ವರ್ಷ ಆ ಗೋಡೆಯ ಮೇಲಿಂದಲೇ ಬಕೆಟ್ಟು ತೆಗೆದುಕೊಂಡವಳು ನಾನು, ತಲೆ ಎತ್ತಿ ನೋಡಿರಲಿಲ್ಲ. ಸಮೀಕರಣದ ಎರಡೂ ಬದಿ ನನ್ನ ಕಣ್ಣ ಮುಂದೆಯೇ ಇತ್ತು. ಗಣಿತ ಟೀಚರಂತೆ, ಮಣ್ಣು.

"ಕಡಿಯಬೇಡಿ ಟೀಚರ್," ಎಂದರು ಬಾಯಮ್ಮ. ಅವರ ಧ್ವನಿ ಸಣ್ಣದಾಗಿತ್ತು. ಮರಕ್ಕೆ ಕತ್ತಿ ತೋರಿಸಿದ ಆ ಶಾಸ್ತ್ರದಲ್ಲಿ ನನ್ನ ಬಾಯಿಂದ ಬರಬೇಕಾಗಿದ್ದ ಮಾತು ಅದು. ನನಗೆ ಬಾರದ್ದು ಅವರಿಗೆ ಬಂತು, ಅದೂ ನಾಟಕವಲ್ಲ. ಇಲ್ಲ ಬಾಯಮ್ಮ, ಕಡಿಯುವುದಿಲ್ಲ ಎಂದೆ.

ಗರಗಸದವರಿಗೆ ಬೇಡವೆಂದು ಹೇಳಿ ಬೈಸಿಕೊಂಡದ್ದು ನನ್ನ ಗಂಡ. ಆದರೆ ಅವರು ಚೇತರಿಸಿಕೊಂಡ ವೇಗ ನೋಡಬೇಕಿತ್ತು. ಮರುದಿನವೇ ಗ್ರೂಪಿನಲ್ಲಿ ಪರಾಗಸ್ಪರ್ಶದ ಬಗ್ಗೆ ಉದ್ದದ ಉಪನ್ಯಾಸ ಬಂತು. ಗಂಡು ಮರ ಸಾಕುವುದು ಸಮಾಜಸೇವೆಯಂತೆ, ತಾವು ಮೊದಲಿನಿಂದಲೂ ಅದನ್ನು ಮಾಡುತ್ತಿದ್ದಾರಂತೆ. ಕೈಮುಗಿಯುವ ಚಿತ್ರಗಳು ಮತ್ತೆ ಸುರಿದವು. ಅತ್ತೆಯಂತೂ ಪೂರ್ತಿ ಪಕ್ಷ ಬದಲಿಸಿದರು. ನಮ್ಮ ಅಜೆಕಾರಿನ ಹುಡುಗ ಅಂಥವನಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು ಎಂದರು. ಇನ್ನೊಂದು ಬಯಕೆಯೂ ಆಯಿತು, ಈ ಸಲ ಗೋಡೆಯ ಆಚೆ. ಹಸಿರು ಸೀರೆ ಬಾಯಮ್ಮನ ಮರಕ್ಕೆ ಹೋಯಿತು, ನಮ್ಮದಕ್ಕೆ ನನ್ನ ಗಂಡನ ಸನ್ಮಾನದ ಶಾಲು ಹೊದೆಸಿದರು. ಅದು ಕಪಾಟಿನಲ್ಲಿ ಮಡಚಿ ಕೂತಿದ್ದಕ್ಕಿಂತ ಅಲ್ಲೇ ಹೆಚ್ಚು ಒಪ್ಪಿತು.

ಬೇಸಿಗೆ ಬಂತು. ನೀಲಿ ಬಕೆಟ್ಟೂ ಬಂತು, ಹಿಡಿಕೆ ಬಾಗುವಷ್ಟು ಭಾರ. ಮನೆಯಿಡೀ ಮೂರು ದಿನ ಹಣ್ಣು ಬಿಡಿಸಿ, ಸಿಪ್ಪೆ ತಾರಸಿಯಲ್ಲಿ ಹರವಿ, ಬೆರಳೆಲ್ಲ ಕೆಂಪು ಮಾಡಿಕೊಂಡೆವು. ಬಕೆಟ್ಟು ತೊಳೆದು ಒರೆಸಿದೆ. ಕೈ ತಾನಾಗಿ ಸಕ್ಕರೆ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದೆ. ಖಾಲಿ ಬಕೆಟ್ಟು ಹಿಡಿದುಕೊಂಡು ಗೋಡೆಯ ಹತ್ತಿರ ಹೋದೆ. ಹಾಗೆ ಹೋಗುವಾಗ ಅಡುಗೆಮನೆಯ ಕಿಟಕಿಯಿಂದ ಅತ್ತೆ ನೋಡುತ್ತಿದ್ದರು, ಬೆನ್ನಿಗೆ ಗೊತ್ತಾಗುತ್ತಿತ್ತು.

ಬಾಯಮ್ಮ ಭಾರವಿರುತ್ತದೆಂದು ಎರಡೂ ಕೈ ಚಾಚಿ ತೆಗೆದುಕೊಂಡರು. ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈ ಸಲ ಎಂತದೂ ಇಲ್ಲ ಬಾಯಮ್ಮ," ಎಂದೆ. "ನಮ್ಮದು ನೀವು ಕೊಡುವಾಗಲೇ ಅದರಲ್ಲಿ ಇತ್ತು."

ಅವರು ನಮ್ಮ ಮರ ನೋಡಿದರು, ತಮ್ಮದನ್ನು ನೋಡಿದರು. ಅದು ಹೌದು ಎಂದು ತಕರಾರಿಲ್ಲದೆ ಒಪ್ಪಿಕೊಂಡರು.

"ಹಾಗಾದರೆ ಇಷ್ಟು ವರ್ಷ ಆ ಸಕ್ಕರೆ ಎಂತಕ್ಕೆ ಟೀಚರ್?" ಎಂದರು. "ನನಗೆ, ನಮ್ಮವರಿಗೆ ಇಬ್ಬರಿಗೂ ಡಯಾಬಿಟೀಸ್."

ನಗಲು ಶುರುಮಾಡಿದ್ದು ಯಾರೋ ಗೊತ್ತಿಲ್ಲ, ನಿಲ್ಲಿಸಲು ಇಬ್ಬರಿಗೂ ಆಗಲಿಲ್ಲ. ಅವರು ಬಕೆಟ್ಟನ್ನು ಒಳಗೆ ಕೊಂಡುಹೋಗದೆ ಗೋಡೆಯ ಮೇಲೆ, ಎರಡು ಮರಗಳ ನಡುವೆ ಕವುಚಿ ಇಟ್ಟರು. ಅದು ಈಗಲೂ ಅಲ್ಲಿಯೇ ಉಂಟು. ಹಣ್ಣು ಉದುರಿದ್ದು ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಅದನ್ನು ಎತ್ತಿಕೊಂಡು ಹೆಕ್ಕಲು ಹೋಗುತ್ತಾರೆ, ಹಿಂದಿರುಗಿಸುವ ಕೆಲಸ ಯಾರಿಗೂ ಇಲ್ಲ.